ಬಯಲನ್ನು ಅಳೆಯುವವರು



‘ಬಯಲು’ ಎಂಬ ಮಾತಿಗೆ ಕನ್ನಡದಲ್ಲಿ ಇರುವ ಹರವು ಬೇರೆ ಪದಗಳಿಗೆ ಅಪರೂಪ. ರೈತನಿಗೆ ಅದು ಮರಗಿಡಗಳ ಮರೆಯಿಲ್ಲದ ತೆರೆದ ನೆಲ. ಆಡುಮಾತಿನಲ್ಲಿ ಗುಟ್ಟು ಬಯಲಾಗುತ್ತದೆ. ಮುಚ್ಚಿಟ್ಟದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ಶರಣರ ಪರಿಭಾಷೆಯಲ್ಲಾದರೋ ಸಾಧಕನೇ ಬಯಲಾಗುತ್ತಾನೆ; ಅಲ್ಲಿ ಅರಿಯುವವನು ಬೇರೆ, ಅರಿಯಲ್ಪಡುವುದು ಬೇರೆ ಎಂಬ ಎರಡು ಉಳಿಯುವುದಿಲ್ಲ. ಅಲ್ಲಮಪ್ರಭುದೇವರ ವಚನಗಳನ್ನು ಓದುವವರು ಈ ಮೂರು ಅರ್ಥಗಳ ನಡುವೆ ಸದಾ ಓಡಾಡುತ್ತಿರಬೇಕಾಗುತ್ತದೆ. ಕಳೆದ ನಾಲ್ಕೈದು ದಶಕಗಳಲ್ಲಿ ಖಗೋಳವಿಜ್ಞಾನಿಗಳು ಇನ್ನೊಂದು ಬಯಲನ್ನು ಕಂಡಿದ್ದಾರೆ. ಅದು ಮೇಲಿನ ಮೂರಕ್ಕೂ ಸೇರಿದ್ದಲ್ಲ. ಸೇರಿದ್ದಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಂಡು ಮುಂದೆ ಸಾಗುವುದು ಲೇಸು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನರಿಗೆ ಬಯಲೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವರಿರುವುದೇ ಬಯಲುಸೀಮೆಯಲ್ಲಿ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾಯ್ದು ಆಂಧ್ರದ ಕಡೆಗೆ ಹೋಗುತ್ತದೆಯಾದರೂ ವರ್ಷವಿಡೀ ಹರಿಯುವ ಹೊಳೆ ಅದಲ್ಲ. ಹಿರಿಯರು ಕಟ್ಟಿಸಿದ ಕೆರೆಗಳೇ ಈ ಸೀಮೆಯ ಪ್ರಾಣ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳಕ್ಕೆ ಇಳಿದು ನೋಡಿದವರಿಗೆ ವಿಶ್ವದ ನಕ್ಷೆಯನ್ನು ವಿವರಿಸುವುದೂ ಸುಲಭವೇ. ಅಲ್ಲಿ ಒಣಗಿದ ಗೋಡುಮಣ್ಣು ಬಿಲ್ಲೆಬಿಲ್ಲೆಯಾಗಿ ಸೀಳಿರುತ್ತದೆ; ಬಿಲ್ಲೆಗಳ ನಡುವಣ ಬಿರುಕುಗಳು ಒಂದನ್ನೊಂದು ಕೂಡುತ್ತ ಬಲೆಯಂತೆ ಹರಡಿರುತ್ತವೆ. ವಿಶ್ವದಲ್ಲಿ ಗೆಲಾಕ್ಸಿಗಳು ಇರುವುದು ಇಂತಹ ಬಿರುಕುಗಳ ಸಾಲಿನಲ್ಲಿ. ಮೂರು ನಾಲ್ಕು ಸಾಲುಗಳು ಕೂಡುವಲ್ಲಿ ಅವು ಗುಂಪುಗುಂಪಾಗಿವೆ. ನಡುವಣ ಬಿಲ್ಲೆಗಳು ಬಹುಮಟ್ಟಿಗೆ ಬರಿದು. 1981ರಲ್ಲಿ ರಾಬರ್ಟ್ ಕಿರ್ಷ್ನರ್ ಮತ್ತು ಸಂಗಡಿಗರು ಸ್ವಾತಿ ನಕ್ಷತ್ರವಿರುವ ಬೂಟಿಸ್ ಪುಂಜದ ದಿಕ್ಕಿನಲ್ಲಿ ಇಂಥದೊಂದು ಬರಿದನ್ನು ಗುರುತಿಸಿದರು. ಅದರ ಅಡ್ಡಳತೆ ಸುಮಾರು 30 ಕೋಟಿ ಜ್ಯೋತಿರ್ವರ್ಷ. ಅಲ್ಲಿ ಏನೂ ಇಲ್ಲವೆಂದಲ್ಲ. ಹಲವು ಹತ್ತು ಗೆಲಾಕ್ಸಿಗಳು ಆಮೇಲೆ ಸಿಕ್ಕವು. ಅಷ್ಟು ವಿಸ್ತಾರದಲ್ಲಿ ಅವು ಎಷ್ಟರ ಲೆಕ್ಕ?

ಹೋಲಿಕೆ ಒಂದು ಕಡೆ ಮುರಿಯುತ್ತದೆ. ಕೆರೆಯಂಗಳದಲ್ಲಿ ಮಣ್ಣಿನ ಬಿಲ್ಲೆ ಕುಗ್ಗುವುದರಿಂದ ಬಿರುಕು ಮೂಡುತ್ತದೆ. ವಿಶ್ವದಲ್ಲಾದರೆ ಬರಿದೇ ಬೆಳೆಯುತ್ತದೆ. ದ್ರವ್ಯವು ತನಗಿಂತ ಹೆಚ್ಚು ದ್ರವ್ಯವಿರುವ ಕಡೆಗೆ ಸೆಳೆಯಲ್ಪಟ್ಟು ಅಂಚಿಗೆ ಸರಿಯುತ್ತದೆ. ನಡುವೆ ಇದ್ದಷ್ಟೂ ತೆಳುವಾಗುತ್ತದೆ. ಇದ್ದವರ ಕಡೆಗೇ ಇನ್ನಷ್ಟು ಸೇರುವುದು ಲೋಕದ ರೀತಿಯಷ್ಟೇ ಅಲ್ಲ, ಆಕಾಶದ ರೀತಿಯೂ ಹೌದು. ಜೊತೆಗೆ ಇಡೀ ವಿಶ್ವವೇ ಹಿಗ್ಗುತ್ತಿದೆ. ಅಂಗಳದಲ್ಲಿ ರಂಗೋಲಿಯ ಚುಕ್ಕಿಗಳನ್ನಿಟ್ಟ ಮೇಲೆ ಆ ಅಂಗಳವೇ ಹಿಗ್ಗತೊಡಗಿತೆಂದು ಭಾವಿಸಬೇಕು. ಯಾವ ಚುಕ್ಕಿಯೂ ತನ್ನ ನೆಲ ಬಿಟ್ಟು ಕದಲಿಲ್ಲ, ಆದರೂ ಪ್ರತಿಯೊಂದು ಚುಕ್ಕಿಗೂ ಉಳಿದವೆಲ್ಲ ದೂರ ಸರಿಯುತ್ತಿರುವಂತೆ ಕಾಣುತ್ತದೆ. ಹತ್ತಿರದ್ದು ನಿಧಾನವಾಗಿ, ದೂರದ್ದು ವೇಗವಾಗಿ. 1927ರಲ್ಲಿ ಬೆಲ್ಜಿಯಮ್ಮಿನ ಪಾದ್ರಿ ಜಾರ್ಜ್ ಲೆಮೇತ್ರ್, 1929ರಲ್ಲಿ ಅಮೆರಿಕದ ಎಡ್ವಿನ್ ಹಬಲ್ ಈ ಸಂಬಂಧವನ್ನು ಪ್ರಕಟಿಸಿದರು.

ಹಿಗ್ಗುವ ದರ ಎಷ್ಟು ಎಂಬಲ್ಲಿ ಮಾತ್ರ ಇಂದಿಗೂ ಒಮ್ಮತವಿಲ್ಲ. ವಿಶ್ವದ ಶೈಶವದಿಂದ ಉಳಿದು ಬಂದ ಮಂದ ವಿಕಿರಣವನ್ನು ಪ್ಲಾಂಕ್ ಉಪಗ್ರಹ ಅಳೆದ ಮೇಲೆ 2018ರಲ್ಲಿ ದೊರೆತ ಉತ್ತರ: ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 67 ಕಿಲೋಮೀಟರ್. ಹತ್ತಿರದ ಗೆಲಾಕ್ಸಿಗಳಲ್ಲಿ ಮಿಡಿಯುವ ನಕ್ಷತ್ರಗಳನ್ನೂ ಸಿಡಿಯುವ ನಕ್ಷತ್ರಗಳನ್ನೂ ಮೆಟ್ಟಿಲಾಗಿ ಮಾಡಿಕೊಂಡು ಆಡಮ್ ರೀಸ್ ಅವರ ತಂಡ 2022ರಲ್ಲಿ ಪ್ರಕಟಿಸಿದ ಉತ್ತರ: ಸುಮಾರು 73. ವ್ಯತ್ಯಾಸ ಚಿಕ್ಕದೆಂದು ತೋರಬಹುದು. ಎರಡೂ ಅಳತೆಗಳು ತಮ್ಮಲ್ಲಿ ಇರಬಹುದೆಂದು ಒಪ್ಪಿಕೊಂಡ ತಪ್ಪಿನ ಮಿತಿಗಿಂತ ಅದು ಬಹಳ ದೊಡ್ಡದು. ಆಕಾಶಗಂಗೆಯೇ ಒಂದು ದೊಡ್ಡ ಬರಿದಿನ ಒಳಗೆ ಇರಬಹುದೇ ಎಂಬುದು ಇದಕ್ಕೆ ಕೆಲವರು ಕೊಡುವ ಸಮಾಧಾನ. ಹಾಗಿದ್ದಲ್ಲಿ ಸುತ್ತಲಿನ ಗೆಲಾಕ್ಸಿಗಳು ಅಂಚಿನ ಸೆಳೆತದಿಂದಲೂ ದೂರ ಸರಿದು, ಹಿಗ್ಗುವಿಕೆ ನಿಜಕ್ಕಿಂತ ವೇಗವೆಂದು ತೋರುತ್ತದೆ. 2013ರಲ್ಲಿ ಕೀನನ್, ಬಾರ್ಗರ್, ಕೌವೀ ಎಂಬ ಮೂವರು ಇಂತಹ ತೆಳು ಪ್ರದೇಶಕ್ಕೆ ಆಧಾರ ಕಂಡುದಾಗಿ ಬರೆದರು. ಅಷ್ಟು ದೊಡ್ಡ, ಅಷ್ಟು ಆಳವಾದ ಬರಿದು ಇರಲು ಸಾಧ್ಯವೇ ಇಲ್ಲವೆಂದು ವಾದಿಸುವವರ ಸಂಖ್ಯೆಯೇ ಹೆಚ್ಚು.

ಬರಿದನ್ನೇ ಅಳತೆಗೋಲಾಗಿ ಬಳಸುವ ಇನ್ನೊಂದು ದಾರಿಯೂ ಇದೆ. ಒಂದೊಂದು ಬರಿದೂ ಸೊಟ್ಟಪಟ್ಟವಾಗಿರುತ್ತದೆ. ಆದರೆ ಸಾವಿರಾರು ಬರಿದುಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದರೆ ದುಂಡನೆಯ ಆಕಾರ ಬರಬೇಕು. ಏಕೆಂದರೆ ವಿಶ್ವಕ್ಕೆ ಒಂದು ದಿಕ್ಕಿನ ಮೇಲೆ ಹೆಚ್ಚಿನ ಪ್ರೀತಿಯಿಲ್ಲ. ಲೆಕ್ಕಕ್ಕೆ ಹಿಡಿದ ಹಿಗ್ಗುವಿಕೆಯ ಚರಿತ್ರೆ ತಪ್ಪಾಗಿದ್ದರೆ ಆ ದುಂಡು ನೋಡುವವರ ದಿಕ್ಕಿಗೆ ಚಪ್ಪಟೆಯಾಗಿಯೋ ಉದ್ದವಾಗಿಯೋ ಕಾಣುತ್ತದೆ. ಆಲ್ಕಾಕ್ ಮತ್ತು ಪಚಿನ್ಸ್ಕಿ ಎಂಬಿಬ್ಬರು 1979ರಲ್ಲಿ ಸೂಚಿಸಿದ ಈ ಪರೀಕ್ಷೆಯನ್ನು ಈಗ ಬರಿದುಗಳ ಮೇಲೆ ಪ್ರಯೋಗಿಸುತ್ತಿದ್ದಾರೆ.

ಇದೇ ಸಂಗತಿ ಶಿಡ್ಲಘಟ್ಟದ ಕಡೆಯ ಒಂದು ಶ್ರಾವಣದ ಗೋಷ್ಠಿಯಲ್ಲಿ ಪ್ರಸ್ತಾಪಕ್ಕೆ ಬಂತು. ರೇಷ್ಮೆಗೂಡಿನ ವ್ಯಾಪಾರದಲ್ಲಿ ಆಯುಷ್ಯ ಕಳೆದ ಹಿರಿಯರೊಬ್ಬರು ಎದ್ದು ನಿಂತು, “ಇವೆಲ್ಲ ಶರಣರು ಒಂಬೈನೂರು ವರ್ಷಗಳ ಹಿಂದೆಯೇ ಹೇಳಿಬಿಟ್ಟಿದ್ದಾರೆ. ಬಯಲು ಅಂದರೆ ಇದೇ. ವಿಜ್ಞಾನಿಗಳಿಗೆ ಈಗ ಗೊತ್ತಾಯಿತು” ಎಂದರು. ಸಭೆ ತಲೆದೂಗಿತು. ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಅವರ ಮೊಮ್ಮಗಳು ಮಹಿಳೆಯರ ಸಾಲಿನಿಂದ ಕೇಳಿದಳು: “ತಾತ, ಹಾಗಾದ್ರೆ ಅರವತ್ತೇಳೋ ಎಪ್ಪತ್ತಮೂರೋ? ಶರಣರು ಯಾವುದು ಅಂತ ಹೇಳಿದಾರೆ?” ಕ್ಷಣಕಾಲ ಮೌನ. ಮೊದಲು ನಕ್ಕವರು ಆ ಹಿರಿಯರೇ. “ಅದನ್ನ ಅಳೆಯೋರು ಅಳೀಲಿ ಕಣಮ್ಮ” ಎಂದು ಕುಳಿತರು.

ಆ ಹಿರಿಯರ ಎರಡನೆಯ ಮಾತು ಮೊದಲನೆಯದಕ್ಕಿಂತ ಶರಣತತ್ತ್ವಕ್ಕೆ ಹತ್ತಿರವಾಗಿದೆ. ವಚನಗಳ ಬಯಲು ಅನುಭಾವದ ಮಾತು. ಅದಕ್ಕೆ ಅಡ್ಡಳತೆಯಿಲ್ಲ, ಅದು ಗೆಲಾಕ್ಸಿಗಳ ನಡುವಣ ಜಾಗವಲ್ಲ. ಹೊಸ ಸಂಶೋಧನೆಯೊಂದು ಪತ್ರಿಕೆಯಲ್ಲಿ ಬಂದ ಕೂಡಲೇ ಅದಕ್ಕೆ ಹೊಂದುವ ವಚನವನ್ನು ಹುಡುಕಿ ತೆಗೆಯುವ ಅಭ್ಯಾಸ ಭಕ್ತವಲಯದಲ್ಲಿ ಬೇರೂರಿದೆ. ಇದರಿಂದ ಶರಣರ ಘನತೆ ಹೆಚ್ಚುವುದಿಲ್ಲ. ನಾಳೆ ಆ ಸಂಶೋಧನೆ ತಪ್ಪೆಂದು ತಿಳಿದರೆ ವಚನವೂ ತಪ್ಪೆಂದು ಹೇಳಬೇಕಾದೀತು. ಸಂಶೋಧನೆ ತಪ್ಪೆಂದು ತೋರಿಬರುವುದು ಸಾಧ್ಯವೇ ಎಂದು ಕೇಳುವವರಿಗೆ ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಯೊಂದರ ಮೇಲೆ ನಡೆದ ಕೆಲಸವನ್ನು ಹೇಳಬೇಕು.

ಬಲೆಯೂ ಬರಿದೂ ಮೂಡುವ ಮುಂಚೆ ವಿಶ್ವದಲ್ಲಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಹದದಲ್ಲಿ ಹರಡಿದ್ದುದು ಬಹುಪಾಲು ಜಲಜನಕ. ನಕ್ಷತ್ರಗಳಿರಲಿಲ್ಲ, ಬೆಳಕಿರಲಿಲ್ಲ. ಜಲಜನಕದ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಹೊಮ್ಮಿಸಬಲ್ಲದು, ಹೀರಬಲ್ಲದು. 1944ರಲ್ಲಿ ಡಚ್ ವಿಜ್ಞಾನಿ ವಾನ್ ಡೆ ಹುಲ್ಸ್ಟ್ ಇದನ್ನು ಊಹಿಸಿದರು. 1951ರಲ್ಲಿ ಅದು ಸಿಕ್ಕಿತು. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಅವುಗಳ ಬೆಳಕು ತಾಗಿದ ಜಲಜನಕ ಹಿನ್ನೆಲೆಯ ವಿಕಿರಣದಿಂದ ಈ ಅಲೆಯನ್ನು ಸ್ವಲ್ಪ ಹೀರಿರಬೇಕು, ಅಲ್ಲೊಂದು ತಗ್ಗು ಬಿದ್ದಿರಬೇಕು. ಆಮೇಲೆ ವಿಶ್ವ ಹಿಗ್ಗಿದಂತೆ ಅಲೆಯೂ ಹಿಗ್ಗುತ್ತ ಬಂದಿದೆ. ಎಷ್ಟು ಪಟ್ಟು ಹಿಗ್ಗಿದೆ ಎಂದು ತಿಳಿದರೆ ಅದು ಯಾವ ಕಾಲದ ಅಲೆ ಎಂದು ತಿಳಿಯುತ್ತದೆ. ಹಿಗ್ಗುವಿಕೆಯೇ ಇಲ್ಲಿ ಗಡಿಯಾರ.

ಇಂತಹ ಉದ್ದನೆಯ ಅಲೆಗಳನ್ನು ಆಲಿಸುವುದು ಗೌರಿಬಿದನೂರಿಗೆ ಹಳೆಯ ಕಸುಬು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಜೊತೆಗೂಡಿ 1976ರಿಂದ ಅಲ್ಲಿ ರೇಡಿಯೋ ವೀಕ್ಷಣಾಲಯವನ್ನು ನಡೆಸಿಕೊಂಡು ಬಂದಿವೆ. ಗುಮ್ಮಟವನ್ನೂ ಮಸೂರವನ್ನೂ ನಿರೀಕ್ಷಿಸಿ ಹೋದವರಿಗೆ ಅಲ್ಲಿ ಕಾಣುವುದು ಹೊಲದಲ್ಲಿ ನೆಟ್ಟ ಕಂಬಗಳು ಮತ್ತು ತಂತಿಗಳು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ 1000 ಆಂಟೆನಾಗಳ ಸಾಲು ಅಲ್ಲಿತ್ತು. ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್. 34.5 ಮೆಗಾಹರ್ಟ್ಸ್‌ನಲ್ಲಿ, ಎಂದರೆ ಸುಮಾರು 8.7 ಮೀಟರ್ ಉದ್ದದ ಅಲೆಗಳಲ್ಲಿ, ಆಕಾಶ ಹೇಗೆ ಕಾಣುತ್ತದೆ ಎಂಬ ನಕ್ಷೆಯನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು 1990ರಲ್ಲಿ ಪ್ರಕಟಿಸಿದರು. 1997ರಿಂದ ಸೂರ್ಯನ ರೇಡಿಯೋ ಚಿತ್ರ ತೆಗೆಯುವ ಉಪಕರಣವೂ ಅಲ್ಲಿ ಕೆಲಸ ಆರಂಭಿಸಿತು. (ಇದೇ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು 1965ರಲ್ಲಿಯೇ ಭೂಕಂಪಮಾಪಕಗಳ ಸಾಲನ್ನು ಹೂಡಿದ್ದರು. ಒಂದೇ ಊರು ಭೂಮಿಗೂ ಆಕಾಶಕ್ಕೂ ಕಿವಿಗೊಟ್ಟು ಕುಳಿತಿರುವುದು ಅಲ್ಲಿನವರಿಗೇ ಹೆಚ್ಚಾಗಿ ತಿಳಿಯದು.)

ಆ ನಕ್ಷೆಗಳಲ್ಲಿ ಕಂಡದ್ದು ಬಹುಪಾಲು ಆಕಾಶಗಂಗೆಯ ಸ್ವಂತ ರೇಡಿಯೋ ಪ್ರಭೆ. ಮೊದಲ ನಕ್ಷತ್ರಗಳ ಸುಳಿವನ್ನು ಹುಡುಕುವವರಿಗೆ ಅದೇ ಅಡ್ಡಿ. ಹುಡುಕುತ್ತಿರುವ ತಗ್ಗಿಗಿಂತ ಈ ಪ್ರಭೆ ಹತ್ತು ಸಾವಿರ ಪಟ್ಟು ಪ್ರಬಲ. ಜಾತ್ರೆಯ ಗದ್ದಲದ ನಡುವೆ ಒಂದು ಮಗುವಿನ ಉಸಿರಾಟವನ್ನು ಕೇಳಿಸಿಕೊಳ್ಳಬೇಕು. ಕೇಳಿಸಿದ್ದು ಮಗುವಿನದೇ, ತನ್ನದಲ್ಲ ಎಂದೂ ಖಚಿತಪಡಿಸಿಕೊಳ್ಳಬೇಕು.

2018ರಲ್ಲಿ ಜಗತ್ತಿನ ಗಮನ ಸೆಳೆದ ಸುದ್ದಿ ಬಂತು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ‘ಎಡ್ಜಸ್’ ಎಂಬ ಉಪಕರಣವನ್ನು ಇಟ್ಟಿದ್ದ ಅಮೆರಿಕದ ತಂಡವು 78 ಮೆಗಾಹರ್ಟ್ಸ್ ಸುತ್ತ ಆ ತಗ್ಗನ್ನು ಕಂಡೆವೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಲೆಕ್ಕ ಹಾಕಿದರೆ 21 ಸೆಂಟಿಮೀಟರಿನ ಅಲೆ ಸುಮಾರು 18 ಪಟ್ಟು ಹಿಗ್ಗಿ 3.8 ಮೀಟರ್ ಆಗಿದೆ. ವಿಶ್ವ ಹುಟ್ಟಿ 20 ಕೋಟಿ ವರ್ಷ ತುಂಬುವ ಆಸುಪಾಸಿಗೆ ನಕ್ಷತ್ರಗಳು ಬೆಳಗಿದ್ದವು ಎಂದಾಯಿತು. ವಿಚಿತ್ರವೆಂದರೆ ತಗ್ಗು ಸಿದ್ಧಾಂತ ಹೇಳುವ ಗರಿಷ್ಠ ಆಳಕ್ಕಿಂತಲೂ ಎರಡು ಪಟ್ಟಿಗಿಂತ ಹೆಚ್ಚು ಆಳವಾಗಿತ್ತು. ಅದು ನಿಜವಾಗಿದ್ದರೆ ಭೌತಶಾಸ್ತ್ರಕ್ಕೆ ಹೊಸ ಅಧ್ಯಾಯವೇ ಬೇಕಾಗುತ್ತಿತ್ತು. ಜಲಜನಕವನ್ನು ಕಪ್ಪುದ್ರವ್ಯ ತಣಿಸಿರಬಹುದೆಂದು ಒಬ್ಬರು, ಆದಿಕಾಲದಲ್ಲಿ ಬೇರೊಂದು ರೇಡಿಯೋ ಪ್ರಭೆ ಇದ್ದಿರಬಹುದೆಂದು ಮತ್ತೊಬ್ಬರು ಬರೆದರು. ಪ್ರಬಂಧಗಳ ಮಳೆಯೇ ಸುರಿಯಿತು. ಅಳತೆಯನ್ನು ಇನ್ನೊಬ್ಬರು ಇನ್ನೊಂದು ಉಪಕರಣದಿಂದ ಪರೀಕ್ಷಿಸಿ ನೋಡಿರಲಿಲ್ಲ.

ರಾಮನ್ ಸಂಸ್ಥೆಯ ‘ಸರಸ್’ ತಂಡ ಇದಕ್ಕೆ ಮುಂಚಿನಿಂದಲೂ ಇದೇ ಹುಡುಕಾಟದಲ್ಲಿತ್ತು. ಮೊದಲ ಉಪಕರಣವನ್ನು ಗೌರಿಬಿದನೂರಿನಲ್ಲಿ, ಎರಡನೆಯದನ್ನು ಗಡಿಯಾಚೆ ಅನಂತಪುರದ ಕಡೆಯ ಟಿಂಬಕ್ಟುವಿನಲ್ಲಿ ಇಟ್ಟು ಅಳೆದಿದ್ದರು. ನೆಲದ ಮೇಲೆ ಇಟ್ಟಾಗ ಒಂದು ತೊಡಕು. ಆಂಟೆನಾ ಮೇಲಿನ ಆಕಾಶವನ್ನಷ್ಟೇ ಅಲ್ಲ, ಅಡಿಯ ನೆಲವನ್ನೂ ಆಲಿಸುತ್ತದೆ. ನೆಲದಲ್ಲಿ ಮಣ್ಣಿನ ಒಂದು ಪದರ, ಅದರಡಿ ಜಲ್ಲಿ, ಅದರಡಿ ಬಂಡೆ. ತೇವ ಒಂದೊಂದು ಕಡೆ ಒಂದೊಂದು ಬಗೆ. ಪದರಗಳಿಂದ ತಿರುಗಿ ಬರುವ ಅಲೆಗಳು ಅಳತೆಯಲ್ಲಿ ಏರಿಳಿತಗಳನ್ನು ಮೂಡಿಸಿ, ಹುಡುಕುತ್ತಿರುವ ತಗ್ಗನ್ನೇ ಅನುಕರಿಸಬಲ್ಲವು. ಅಡಿಯಲ್ಲಿ ಎಲ್ಲೆಲ್ಲೂ ಒಂದೇ ಸಮನಾದ ವಸ್ತು ಬೇಕು. ಸಮಪದರವಾದ ನೆಲ ಎಲ್ಲಿ ಸಿಗುತ್ತದೆ? ನೀರಾದರೆ ಸಿಗುತ್ತದೆ. ಉಪಕರಣವನ್ನು ಕೆರೆಯ ಮೇಲೆ ತೇಲಿಸುವುದೆಂದು ತೀರ್ಮಾನವಾಯಿತು.

2020ರ ಆರಂಭದಲ್ಲಿ ಮೂರನೆಯ ಸರಸ್ ಉಪಕರಣವನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿಯ ನೀರಿನ ಮೇಲೂ ಆಮೇಲೆ ಶರಾವತಿಯ ಹಿನ್ನೀರಿನ ಮೇಲೂ ತೆಪ್ಪದಲ್ಲಿ ತೇಲಬಿಟ್ಟರು. ಬಟ್ಟಲಿನಂತೆ ಬಾಯಿ ಮೇಲಾಗಿ ನಿಂತ ಶಂಕುವಿನಾಕಾರದ ಲೋಹ, ಅದರಡಿ ಲೋಹದ ತಟ್ಟೆ, ನೋಡಲು ಅಷ್ಟೆ. ನೋಡಿದವರು ಅದನ್ನು ದೂರದರ್ಶಕವೆಂದು ನಂಬುವುದು ಕಷ್ಟ. ಜಗತ್ತಿನಲ್ಲಿ ಈ ಕೆಲಸಕ್ಕೆ ನೀರಿನ ಮೇಲೆ ಹೋದವರಲ್ಲಿ ಇವರೇ ಮೊದಲಿಗರು. ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್, ಉದಯಶಂಕರ್, ಮಯೂರಿ ಸತ್ಯನಾರಾಯಣ ರಾವ್ ಮೊದಲಾದವರ ಈ ತಂಡದಲ್ಲಿ ಗೌರಿಬಿದನೂರಿನ ಹಳೆಯ ನಕ್ಷೆಯನ್ನು ರಚಿಸಿದವರೊಬ್ಬರು ಇದ್ದಾರೆಂಬುದನ್ನು ಓದುಗರು ಗಮನಿಸಿರಬಹುದು.

ಫಲಿತಾಂಶ 2022ರ ಫೆಬ್ರವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ಬಂತು. ಆಸ್ಟ್ರೇಲಿಯಾದಲ್ಲಿ ಕಂಡ ತಗ್ಗು ಇಲ್ಲಿ ಕಾಣಲಿಲ್ಲ. ಅಂಥ ತಗ್ಗು ಆಕಾಶದಲ್ಲಿ ಇಲ್ಲವೆಂದು ಶೇಕಡಾ 95.3ರಷ್ಟು ಭರವಸೆಯಿಂದ ಹೇಳಬಹುದೆಂದು ಅವರು ಬರೆದರು. ನೂರಕ್ಕೆ ನೂರು ಎನ್ನಲಿಲ್ಲ. ಮೊದಲ ತಂಡದವರು ದುರುದ್ದೇಶದವರೆನ್ನಲಿಲ್ಲ; ಉಪಕರಣದಿಂದಲೇ ಆ ಏರಿಳಿತ ಹುಟ್ಟಿರುವ ಸಂಭವವೇ ಹೆಚ್ಚೆಂದರು. ವಾದ ಮುಗಿದಿಲ್ಲ, ದಕ್ಷಿಣ ಆಫ್ರಿಕಾದ ‘ರೀಚ್’ ಮುಂತಾದ ಬೇರೆ ತಂಡಗಳೂ ಇದೇ ಹುಡುಕಾಟದಲ್ಲಿವೆ.

‘ಕಂಡೆವು’ ಎಂದವರಿಗೆ ಸಿಗುವ ಕೀರ್ತಿ ‘ಅಲ್ಲಿಲ್ಲ’ ಎಂದವರಿಗೆ ಸಿಗುವುದಿಲ್ಲ. ಪತ್ರಿಕೆಯ ಮುಖಪುಟಗಳು 2018ರಲ್ಲಿ ತುಂಬಿದ ಹಾಗೆ 2022ರಲ್ಲಿ ತುಂಬಲಿಲ್ಲ. ವರ್ಷಗಟ್ಟಲೆ ಉಪಕರಣ ಕಟ್ಟಿ, ನೀರಿಗಿಳಿಸಿ, ದೋಷಗಳನ್ನು ಒಂದೊಂದಾಗಿ ಕಳೆದು, ಕೊನೆಗೆ ಬರಿದೆಂದು ಬರೆಯಬೇಕಾದ ಗಳಿಗೆಯಲ್ಲಿ ಆಸೆ ಕೈ ಹಿಡಿದು ಎಳೆಯುತ್ತದೆ. ತಮ್ಮ ಅಳತೆಯಲ್ಲಿಯೂ ಸಣ್ಣದೊಂದು ತಗ್ಗು ಕಂಡಿತೆನ್ನುವುದು ಎಷ್ಟು ಸುಲಭವಿತ್ತು! ನುಡಿದಂತೆ ನಡೆಯುವ ಮಾತನ್ನು ದಿನನಿತ್ಯ ಕೇಳುವ ಭಕ್ತರಿಗೆ ಈ ಬರಹಗಾರರ ಕಷ್ಟ ಅರ್ಥವಾದೀತು.

ಅವರ ‘ಇಲ್ಲ’ವು ಬರಿಗೈಯ ಇಲ್ಲವೂ ಆಗಿರಲಿಲ್ಲ. ಅದೇ ಅಳತೆಗಳನ್ನು ಇಟ್ಟುಕೊಂಡು 2022ರ ಕೊನೆಗೆ ಕೇಂಬ್ರಿಜ್ ಮತ್ತು ಟೆಲ್ ಅವೀವ್ ವಿಶ್ವವಿದ್ಯಾಲಯಗಳ ಸಂಶೋಧಕರೊಂದಿಗೆ ಇನ್ನೊಂದು ಪ್ರಬಂಧ ಬಂತು. ವಿಶ್ವಕ್ಕೆ 20 ಕೋಟಿ ವರ್ಷವಾಗಿದ್ದಾಗ ಗೆಲಾಕ್ಸಿಗಳು ರೇಡಿಯೋ ಅಲೆಗಳಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಉಜ್ವಲವಾಗಿ ಇದ್ದಿರಲಾರವು ಎಂದು ಅದು ಮಿತಿ ಹಾಕಿತು. ಕಾಣದ ಗೆಲಾಕ್ಸಿಗಳ ಸ್ವಭಾವ, ಕಾಣಿಸದೆ ಹೋದ ಒಂದು ತಗ್ಗಿನಿಂದ ತಿಳಿದಂತಾಯಿತು. ಇದೊಂದು ಮಾತು ಅಲ್ಲಮರ ವಚನಗಳನ್ನು ಓದಿದವರಿಗೆ ಸೊಗಸೆನಿಸಿದರೆ ತಪ್ಪಲ್ಲ. ಅದನ್ನು ವಚನದ ವ್ಯಾಖ್ಯಾನವಾಗಿ ಹಿಗ್ಗಿಸಲು ಹೋಗದಿದ್ದರಾಯಿತು.

ಭೂಮಿಯ ಮೇಲೆ ಎಲ್ಲಿ ಹೋದರೂ ಮನುಷ್ಯರ ಪ್ರಸಾರಗಳ ಗದ್ದಲ ಬೆನ್ನುಬಿಡುವುದಿಲ್ಲ. ಎಫ್ಎಂ ಕೇಂದ್ರಗಳು 88 ಮೆಗಾಹರ್ಟ್ಸ್‌ನಿಂದಲೇ ಆರಂಭವಾಗುತ್ತವೆ, ಹುಡುಕಾಟದ ಪಟ್ಟಿಗೆ ತಾಗಿಕೊಂಡೇ. ಆದ್ದರಿಂದ ಚಂದ್ರನನ್ನು ಸುತ್ತುತ್ತ, ಭೂಮಿ ಮರೆಯಾಗುವ ಆಚೆಬದಿಯಲ್ಲಿ ಮಾತ್ರ ಆಲಿಸುವ ‘ಪ್ರತುಷ್’ ಎಂಬ ಉಪಕರಣದ ಯೋಜನೆಯನ್ನು ರಾಮನ್ ಸಂಸ್ಥೆ ರೂಪಿಸಿದೆ, ಪ್ರತ್ಯೂಷವೆಂದರೆ ನಸುಕು. ಅದು ಹಾರುವ ತನಕ ಈ ಕೆಲಸಕ್ಕೆ ಕೆರೆಗಳೇ ಗತಿ. ಕೆರೆ ಆಳವಾಗಿರಬೇಕು, ಅಗಲವಾಗಿರಬೇಕು, ಸುತ್ತ ಊರುಗಳ ಸದ್ದು ಕಡಿಮೆಯಿರಬೇಕು, ಎಲ್ಲಕ್ಕಿಂತ ಮೊದಲು ಅದರಲ್ಲಿ ನೀರಿರಬೇಕು. ಬಯಲುಸೀಮೆಯಲ್ಲಿ ಅದು ಮಳೆಯಾದ ವರ್ಷ ಇರುತ್ತದೆ, ಆಗದ ವರ್ಷ ಇರುವುದಿಲ್ಲ.